ಇನ್ಸ್‌ಪೆಕ್ಟರ ಕಣ್ಣಿಗೆ ವಾರ್ನಿಶ್

ಬೋರ್ಡಣ್ಣನ ಕಿಟಕಿಯ ದಂಡೆಯ ಮೇಲೆ ಅಂದು ಬೆಳಿಗ್ಗೆ ಮೂರು ಪುಟ್ಟ ಶೀಸೆಗಳಿದ್ದವು. ಒಂದರಲ್ಲಿ ಗ್ಲಾಸಿ ವಾರ್ನಿಶ್, ಒಂದರಲ್ಲಿ ಮ್ಯಾಟ್, ಇನ್ನೊಂದರಲ್ಲಿ ಸ್ಯಾಟಿನ್. ಗ್ಲಾಸಿ ಬಳಿದರೆ ಚಿತ್ರ ಫಳಫಳ ಹೊಳೆಯುತ್ತದೆ, ಮ್ಯಾಟ್ ಬಳಿದರೆ ಹೊಳಪೆಲ್ಲ ಇಂಗಿಹೋಗುತ್ತದೆ, ಸ್ಯಾಟಿನ್ ಎಂಬುದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಕೆಲಸವೇನೋ ಸಣ್ಣದು. ಒಂದು ಶೀಸೆ ಆರಿಸಿ, ಹೆಬ್ಬೆರಳಿನಷ್ಟಿದ್ದ ಚಿತ್ರಕ್ಕೆ ಒಂದು ಪದರ ಬಳಿದು, ಕುಂಚ ತೊಳೆದಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಬೋರ್ಡಣ್ಣ ಹಾಗೆ ಮಾಡಲಿಲ್ಲ. ಬಾಗಿಲು ತೆರೆದು ಬೇರೆಯವರನ್ನು ಕೇಳಿದ.

ಕೇಳುವುದು ಅವನಿಗೆ ಕಸುಬಿನಿಂದ ಅಂಟಿದ ರೋಗ. ಮೂವತ್ತು ವರ್ಷ ಅಂಗಡಿಗಳ ಬೋರ್ಡು ಬರೆದವನು. ಏಣಿಯ ತುದಿಯಲ್ಲಿ ನಿಂತು, ಆಳೆತ್ತರದ ಅಕ್ಷರಕ್ಕೆ ಮೂಗು ತಾಗಿಸಿಕೊಂಡು ಬರೆಯುವವನಿಗೆ ಅದು ನೆಟ್ಟಗಿದೆಯೋ ವಾಲಿದೆಯೋ ಹೇಗೆ ತಿಳಿಯಬೇಕು? ಅದಕ್ಕೇ ಬೀದಿಯಲ್ಲಿ ಹೋಗುವವರನ್ನು ಕೂಗಿ ಕೇಳುತ್ತಿದ್ದ. ಅವರು ಎಡಕ್ಕೆ ಅಂದರೆ ಎಡಕ್ಕೆ, ಬಲಕ್ಕೆ ಅಂದರೆ ಬಲಕ್ಕೆ. ಎರಡು ವರ್ಷದ ಹಿಂದೆ ಅವನ ಮಂಡಿಗಳು ಏಣಿಗೆ ದೊಡ್ಡ ನಮಸ್ಕಾರ ಹಾಕಿದವು. ಅಂದಿನಿಂದ ಕುಳಿತಲ್ಲೇ ಮಾಡುವ ಕೆಲಸ ಹಿಡಿದ. ಸಣ್ಣ ತಗಡಿನ ಬಿಲ್ಲೆಯ ಮೇಲೆ ಜನರ ಮುಖ ಬರೆಯುವುದು. ಏಣಿ ಹೋಗಿ ಸ್ಟೂಲು ಬಂತು, ಅಕ್ಷರ ಹೋಗಿ ಮುಖ ಬಂತು, ಕೇಳುವ ಚಾಳಿ ಮಾತ್ರ ಹೋಗಲಿಲ್ಲ. ಅಂಗಿಯ ಗುಂಡಿ ಹಾಕಿಕೊಂಡರೂ ಯಾರಾದರೊಬ್ಬರು ಸರಿಯಾಗಿದೆ ಅನ್ನಬೇಕು.

ಈ ಸಲದ ಮುಖ ಇನ್ಸ್‌ಪೆಕ್ಟರದು. ಆ ಕಟ್ಟಡದ ಯಜಮಾನರು, ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರಾಗಿದ್ದವರು, ಆರು ತಿಂಗಳ ಹಿಂದೆ ತೀರಿಕೊಂಡಿದ್ದರು. ಬದುಕಿದ್ದಾಗ ಅವರು ಯಾರನ್ನೂ ಬೈದವರಲ್ಲ, ಹೊಡೆದವರಲ್ಲ. ಸುಮ್ಮನೆ ನೋಡುತ್ತಿದ್ದರು. ಅವರು ಹಾಗೆ ನೋಡಿದರೆ ಸರಿಯಾದ ತಕ್ಕಡಿಯೂ ಒಂದು ಕಡೆಗೆ ವಾಲುತ್ತಿತ್ತು ಎಂದು ಬೀದಿಯವರು ಹೇಳುತ್ತಿದ್ದರು. ಈಗ ಬೋರ್ಡಣ್ಣ ಕುಳಿತಿದ್ದ ಮೂರನೇ ಮಹಡಿಯ ರೂಮು ಆಗ ಅವರದೇ. ತಪ್ಪು ತೂಕದ ಬಟ್ಟುಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿಕೊಂಡು ಇಲ್ಲೇ ಕೂರುತ್ತಿದ್ದರಂತೆ.

ರೂಮು ಎಂದರೆ ಅಂಥಿಂಥ ರೂಮಲ್ಲ. ಉತ್ತರಕ್ಕೆ ದೊಡ್ಡ ಕಿಟಕಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಹದದ ಬೆಳಕು, ನೆರಳು ಓಡಾಡುವುದಿಲ್ಲ, ಬಿಸಿಲು ಕಣ್ಣು ಚುಚ್ಚುವುದಿಲ್ಲ. ರೆಪ್ಪೆಯ ಕೂದಲು ಬರೆಯುವವನಿಗೆ ಅಂಥ ಬೆಳಕು ಹಾಲು ಅನ್ನಕ್ಕಿಂತ ಹೆಚ್ಚು. ಆ ರೂಮಿನ ಮೇಲೆ ನೆಲಮಹಡಿಯ ಟೈಲರನಿಗೂ ಕಣ್ಣಿತ್ತು. ಕರಿ ಬಟ್ಟೆಗೆ ಕರಿ ದಾರ ಹಾಕುವಾಗ ತನಗೂ ಬೆಳಕು ಬೇಕು ಎಂದು ಅವನು ಯಜಮಾನಮ್ಮನ ಹತ್ತಿರ ವಾರಕ್ಕೊಮ್ಮೆ ಹೇಳಿಬರುತ್ತಿದ್ದ.

ಯಜಮಾನಮ್ಮ ಬೆಳಿಗ್ಗೆ ಬಾಗಿಲಲ್ಲೇ ನಿಂತು ಗಂಡನ ಫೋಟೋ ವಾಪಸ್ ಇಸಕೊಂಡಿದ್ದರು. “ಇದಕ್ಕೆ ಕಟ್ಟು ಹಾಕಿಸ್ಬೇಕು, ಪೇಟೆಗೆ ಹೋಗ್ತಿದ್ದೀನಿ. ಸಂಜೆ ಐದಕ್ಕೆ ಚಿತ್ರ ನೋಡ್ತೀನಿ ಕಣಪ್ಪ. ಅವರ ಥರಾನೇ ಇರ್ಬೇಕು. ಇಲ್ಲದಿದ್ರೆ ಟೈಲರ್‌ಗೆ ಈ ರೂಮು ಕೊಟ್ಟುಬಿಡ್ತೀನಿ. ನನಗೂ ದಿನಾ ಅವನ ಗೋಳು ಕೇಳಿ ಸಾಕಾಗಿದೆ.”

ಹೀಗಾಗಿ ಅಂದು ಬೋರ್ಡಣ್ಣನ ಅನ್ನ ಬೆಳಕು ಎರಡೂ ಆ ಹೆಬ್ಬೆರಳಗಲದ ತಗಡಿನ ಮೇಲೆ ನಿಂತಿದ್ದವು.

ಬಾಗಿಲು ತೆರೆದಾಗ ಎದುರಿಗೆ ಸಿಕ್ಕವನು ಕಿರಾಣಿ ಅಂಗಡಿಯವನು. ಮಾಳಿಗೆಯಲ್ಲಿ ಒಣಹಾಕಿದ್ದ ಗೋಣಿಚೀಲ ತೆಗೆದುಕೊಂಡು ಇಳಿಯುತ್ತಿದ್ದ.

“ಅಣ್ಣಾ, ಒಂದು ನಿಮಿಷ. ಹೊಳೆಯೋದು ಹಾಕಲೋ, ಹೊಳೆಯದೇ ಇರೋದು ಹಾಕಲೋ?”

“ಇದೇನು ಕೇಳ್ತೀಯ? ಹೊಳೆಯೋದೇ ಹಾಕು. ಹೊಳೆಯದೇ ಇರೋ ಮಾಲು ಯಾರಿಗೆ ಬೇಕು?”

ಬೋರ್ಡಣ್ಣ ಗ್ಲಾಸಿ ಶೀಸೆಯ ಮುಚ್ಚಳ ತೆಗೆದ. ಮುಖಕ್ಕೆ ತೆಳುವಾಗಿ ಬಳಿದು, ಕಣ್ಣಿಗೆ ಒಂದೊಂದು ಹನಿ ಇಟ್ಟ. ಮರುಕ್ಷಣ ಅವನ ಕೈ ಕುಂಚದ ಸಮೇತ ಅಲ್ಲೇ ನಿಂತುಬಿಟ್ಟಿತು. ಅಲ್ಲಿಯವರೆಗೆ ಬಣ್ಣವಾಗಿದ್ದದ್ದು ಈಗ ಒದ್ದೆಯಾದ, ಉಸಿರಿರುವ ಕಣ್ಣಾಗಿತ್ತು.

“ಎಲ್ಲಿ ನೋಡೋಣ,” ಎಂದು ಬಗ್ಗಿದ ಅಂಗಡಿಯವನು ಹಾಗೇ ನೆಟ್ಟಗಾದ. “ಇವರು ನನ್ನೇ ನೋಡ್ತಿದ್ದಾರಲ್ಲೋ.”

“ಇಲ್ಲಣ್ಣ. ಫೋಟೋದಲ್ಲಿ ಎಡಕ್ಕೆ ನೋಡ್ತಿದ್ರು. ನಾನೂ ಎಡಕ್ಕೇ ಬರೆದಿದ್ದೀನಿ.”

ಅಂಗಡಿಯವನು ಬಲಕ್ಕೆ ಸರಿದ. ನೋಡಿದ. ಟ್ರಂಕಿನ ಹಿಂದೆ ಕೂತು ಇಣುಕಿದ. ಗೋಣಿಚೀಲ ಎತ್ತಿ ಮುಖಕ್ಕೆ ಅಡ್ಡ ಹಿಡಿದು, ಅದರ ತೂತಿನಿಂದ ನೋಡಿದ. ಅವನ ಹಣೆಯ ಮೇಲೆ ಬೆವರು ಹುಟ್ಟಿತು. ಕುಂಬಳಕಾಯಿ ಕಳ್ಳ ಎಂದು ಯಾರೂ ಅಂದಿರಲಿಲ್ಲ, ಆದರೂ ಅವನು ಹೆಗಲು ಮುಟ್ಟಿ ನೋಡಿಕೊಂಡ.

“ಅದು ಬರೀ ಮೇಣ ಸ್ವಾಮಿ,” ಎಂದ, ತಗಡಿಗೆ. “ತಕ್ಕಡಿ ತಟ್ಟೆ ಕೆಳಗೆ ಒಂದು ಚೂರು ಮೇಣ ಅಷ್ಟೇ. ನೀವು ಹೋದ ಮೇಲೇ ಅಂಟಿಸಿದ್ದು. ನೀವಿದ್ದಾಗ ಎಂದಾದ್ರೂ ಅಂಟಿಸಿದ್ನಾ? ಇವತ್ತೇ ಕಿತ್ತುಹಾಕ್ತೀನಿ.” ಹಿಂದೆ ಹಿಂದೆ ನಡೆಯುತ್ತಲೇ ಬಾಗಿಲು ದಾಟಿದ. ಮೆಟ್ಟಿಲ ಮೇಲೆ ಅವನು ಓಡಿದ ಸದ್ದು ಕೆಳಗಿನವರೆಗೂ ಕೇಳಿಸಿತು.

ಬೋರ್ಡಣ್ಣನಿಗೆ ಮೊದಲು ನಗು ಬಂತು. ಆಮೇಲೆ ರೂಮಿನಲ್ಲಿ ತಾನೊಬ್ಬನೇ ಇರುವುದು ನೆನಪಾಗಿ ನಗು ನಿಂತಿತು. ಒಬ್ಬನೇ ಎನ್ನುವುದೂ ಅಷ್ಟು ಖಚಿತವಿರಲಿಲ್ಲ. ಸ್ಟೂಲನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕುಳಿತ. ಬೆನ್ನ ಮೇಲೆ ಯಾರೋ ಬಟ್ಟು ಇಟ್ಟು ತೂಗಿದ ಹಾಗೆ ಭಾರ ಅನಿಸಿತು.

ಸುದ್ದಿ ಟೈಲರನಿಗೆ ಮುಟ್ಟಲು ಹತ್ತು ನಿಮಿಷ ಹಿಡಿಯಿತು. ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಹತ್ತಿಬಂದ. ಬಾಯಲ್ಲಿ ಸಂತಾಪ, ಕಣ್ಣು ಮಾತ್ರ ಕಿಟಕಿಯ ಅಗಲ ಅಳೆಯುತ್ತಿತ್ತು.

“ಏನೋ ಕೆಟ್ಟುಹೋಯ್ತಂತೆ ಬೋರ್ಡಣ್ಣ. ಪಾಪ, ದೊಡ್ಡ ಕೈ ನಿಂದು, ಸಣ್ಣ ಕೆಲಸ. ಗಣೇಶನ್ನ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ್ರೂ ಆಶ್ಚರ್ಯ ಇಲ್ಲ. ಎಲ್ಲಿ, ತೋರ್ಸು.”

ನೋಡಿದ. ನೋಡುತ್ತಿದ್ದ ಹಾಗೆ ಅವನ ಕೈ ತಾನಾಗಿಯೇ ಕೊರಳಿಗೆ ಹೋಯಿತು. ಟೇಪನ್ನು ಮೆಲ್ಲಗೆ ಎಳೆದು, ಸುರುಳಿ ಸುತ್ತಿ, ಜೇಬಿಗೆ ತುರುಕಿಕೊಂಡ. ಜೇಬನ್ನು ಅಂಗೈಯಿಂದ ಮುಚ್ಚಿದ.

“ಅವರು ಜೇಬು ನೋಡ್ತಿದ್ದಾರೆ,” ಎಂದ.

“ಯಾರು?”

“ಮೊದಲನೇ ಇಂಚು ಹರಿದುಹೋಗಿತ್ತು ಸಾರ್, ಅದಕ್ಕೆ ಕತ್ತರಿಸಿದೆ. ಬೇಕು ಅಂತ ಮಾಡಿದ್ದಲ್ಲ.” ಟೈಲರ್ ಬೋರ್ಡಣ್ಣನ ಕಡೆ ತಿರುಗಿ ಅವನ ರಟ್ಟೆ ಹಿಡಿದ. “ಮಾರಾಯ, ಮ್ಯಾಟ್ ಹಾಕು. ನಿನ್ನ ಕಾಲು ಹಿಡ್ಕೋತೀನಿ. ಯಜಮಾನಮ್ಮ ಇದನ್ನ ಕೆಳಗೆ ಬಾಗಿಲ ಹತ್ರ ಇಟ್ಟುಬಿಟ್ರೆ ನಾನು ಕತ್ತರಿ ಹಿಡಿಯೋದು ಹೇಗೆ?”

ಅಷ್ಟರಲ್ಲಿ ಎದುರು ರೂಮಿನ ನರ್ಸಕ್ಕ ಬಂದಳು. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದವಳನ್ನು ಮೆಟ್ಟಿಲಿನ ಗದ್ದಲ ಎಬ್ಬಿಸಿತ್ತು. ಅವಳು ಯಾವುದಕ್ಕೂ ಹೆದರುವ ಹೆಂಗಸಲ್ಲ. ತಗಡನ್ನು ಅಂಗೈ ಮೇಲಿಟ್ಟುಕೊಂಡು, ಕಿಟಕಿಯ ಹತ್ತಿರ ಹೋಗಿ, ಬಹಳ ಹೊತ್ತು ನೋಡಿದಳು.

“ನಾನೇ ಮುಚ್ಚಿದ್ದೆ ಈ ಕಣ್ಣನ್ನ,” ಎಂದಳು. ಅವಳ ದನಿಯಲ್ಲಿ ಹೆದರಿಕೆ ಇರಲಿಲ್ಲ, ಬೇಸರವಿತ್ತು. “ಅವತ್ತು ನಂದೇ ಡ್ಯೂಟಿ. ಮುಚ್ಚಿದೆ, ತೆರೆದುಕೊಂಡ್ತು. ಮತ್ತೆ ಮುಚ್ಚಿದೆ, ಮತ್ತೆ ತೆರೆದುಕೊಂಡ್ತು. ಕೊನೆಗೆ ಒದ್ದೆ ಹತ್ತಿ ಇಟ್ಟು ಕೂತ್ಕೊಂಡೆ, ಅರ್ಧ ಗಂಟೆ. ಎಷ್ಟು ಕಷ್ಟಪಟ್ಟು ಮುಚ್ಚಿದ್ದನ್ನ ನೀನು ಒಂದು ಹನೀಲಿ ತೆರೆದುಬಿಟ್ಯಲ್ಲ ತಮ್ಮಾ.”

ಟೈಲರ್ ಬೋರ್ಡಣ್ಣನಿಗೆ ಇನ್ನಷ್ಟು ಅಂಟಿಕೊಂಡು ನಿಂತ. ಇಬ್ಬರೂ ರೂಮಿಗಾಗಿ ಆರು ತಿಂಗಳಿಂದ ಕಿತ್ತಾಡಿದವರು ಎಂಬುದು ಆ ಹೊತ್ತಿಗೆ ಇಬ್ಬರಿಗೂ ಮರೆತಿತ್ತು.

“ಹೊಳಪು ತೆಗಿ,” ಎಂದಳು ನರ್ಸಕ್ಕ. “ಮನುಷ್ಯನಿಗೆ ವಿಶ್ರಾಂತಿ ಬೇಡ್ವಾ?”

ಬೋರ್ಡಣ್ಣ ಮ್ಯಾಟ್ ಶೀಸೆ ತೆಗೆದ. ಇಲ್ಲಿ ಒಂದು ಮಾತು ಹೇಳಬೇಕು. ಬೋರ್ಡಿನ ವಾರ್ನಿಶ್ ಒಂದೇ ಸಮ ಇರುತ್ತದೆ. ಡಬ್ಬ ತೆರೆ, ಬಳಿ, ಅಷ್ಟೇ. ಮ್ಯಾಟ್ ಹಾಗಲ್ಲ. ಹೊಳಪು ಕೊಲ್ಲುವ ಪುಡಿಯೊಂದು ಅದರ ತಳದಲ್ಲಿ ಕೂತಿರುತ್ತದೆ, ಚೆನ್ನಾಗಿ ಅಲ್ಲಾಡಿಸಿ ಹಚ್ಚಬೇಕು. ಮೂವತ್ತು ವರ್ಷದ ಬೋರ್ಡಿನ ಕೈಗೆ ಅದು ಗೊತ್ತಿಲ್ಲ. ಮೇಲಿನ ನೀರನ್ನು ಹಚ್ಚಿದ, ಹೊಳಪು ಹೋಗಲಿಲ್ಲ. ಇನ್ನೊಂದು ಪದರ ಹಚ್ಚಿದ. ಟೈಲರ್ “ಇನ್ನೂ ನೋಡ್ತಿದ್ದಾರೆ” ಎಂದ. ಕುಂಚವನ್ನು ತಳಕ್ಕೆ ಇಳಿಸಿ, ಗಸಿಯನ್ನೇ ಎತ್ತಿ ಎರಡು ಕಣ್ಣಿಗೂ ಮೆತ್ತಿದ.

ಒಣಗುತ್ತ ಒಣಗುತ್ತ ಕಣ್ಣುಗಳ ಮೇಲೆ ಬೆಳ್ಳಗೆ ಮಂಜು ಇಳಿಯಿತು. ನರ್ಸಕ್ಕ ತಲೆದೂಗಿದಳು. “ಈಗ ಸರಿಯಾಯ್ತು. ಅವತ್ತು ಬೆಳಗಿನ ಜಾವ ಹೀಗೇ ಇದ್ರು.”

ಯಜಮಾನಮ್ಮ ಕೇಳಿದ್ದು ಗಂಡನ ಚಿತ್ರ, ಹೆಣದ ಚಿತ್ರವಲ್ಲ. ಗಂಟೆ ಮೂರಾಗಿತ್ತು. ಮಂಜು ಕಟ್ಟಿದ್ದರ ಮೇಲೆ ಗ್ಲಾಸಿ ಬಳಿದರೆ ತಿಳಿಯಾಗುತ್ತದೆ ಎಂದು ಬಣ್ಣದಂಗಡಿಯವನು ಹೇಳಿದ್ದ. ಬಳಿದ. ಮಂಜು ಪೂರ್ತಿ ಹೋಗಲಿಲ್ಲ, ತೆಳುವಾಯಿತು. ಇನ್ಸ್‌ಪೆಕ್ಟರು ಈಗ ಬಚ್ಚಲಿನ ಹಬೆಗಟ್ಟಿದ ಗಾಜಿನ ಆಚೆ ನಿಂತು ಈಚೆ ನೋಡುತ್ತಿದ್ದ ಹಾಗಿತ್ತು. ಸ್ವಲ್ಪ ಹೊತ್ತು ನೋಡುತ್ತಿದ್ದರೆ ಗಾಜನ್ನು ಒರೆಸಲು ಆಚೆಯಿಂದ ಕೈ ಬರಬಹುದು ಅನ್ನಿಸುತ್ತಿತ್ತು.

“ಬೇಡ ಕಣಯ್ಯ, ಇದಕ್ಕಿಂತ ಮೊದಲನೇದೇ ವಾಸಿ,” ಎಂದ ಟೈಲರ್.

ಮೊದಲನೆಯದಕ್ಕೆ ಹಿಂದಿರುಗುವುದು ಹೇಗೆ? ಬೋರ್ಡಣ್ಣ ಬಟ್ಟೆಯ ತುದಿಯನ್ನು ಟರ್ಪೆಂಟೈನ್‌ನಲ್ಲಿ ಅದ್ದಿ, ಉಸಿರು ಬಿಗಿಹಿಡಿದು, ಮೆಲ್ಲಗೆ ಒರೆಸಿದ. ಮಂಜು ಕಿತ್ತುಬಂತು. ಮಂಜಿನ ಜೊತೆಗೆ ಕಣ್ಣೂ ಬಂತು. ಇನ್ಸ್‌ಪೆಕ್ಟರ ಮುಖದಲ್ಲಿ ಎರಡು ತೂತು ಉಳಿದು, ಅದರೊಳಗಿಂದ ಬರಿಯ ತಗಡು ಮಿನುಗಿತು. ಬಟ್ಟೆಯ ತುದಿಯಲ್ಲಿ ಎರಡು ಕಂದು ಕಲೆಗಳಿದ್ದವು. ಅವು ಇನ್ನೂ ನೋಡುತ್ತಿದ್ದವು ಎಂದು ಟೈಲರ್ ಆಮೇಲೆ ಎಷ್ಟೋ ದಿನ ಆಣೆ ಮಾಡಿ ಹೇಳಿದ.

ಫೋಟೋ ಯಜಮಾನಮ್ಮನ ಚೀಲದಲ್ಲಿ ಪೇಟೆಗೆ ಹೋಗಿತ್ತು. ಬೋರ್ಡಣ್ಣ ತಲೆಯ ಮೇಲೆ ಕೈಹೊತ್ತು ಕುಳಿತ. ಅಷ್ಟು ಹೊತ್ತಿಗೆ ಮೇಣ ಕಿತ್ತುಹಾಕಿ ಕೈ ತೊಳೆದುಕೊಂಡ ಅಂಗಡಿಯವನೂ ಸ್ವಲ್ಪ ಧೈರ್ಯ ತಂದುಕೊಂಡು ಮೇಲೆ ಬಂದಿದ್ದ. ಮೂವರೂ ಸಹಾಯಕ್ಕೆ ನಿಂತರು. ಅವರ ಸಹಾಯವೇ ಅವನಿಗೆ ಪ್ರಾಣಸಂಕಟವಾಯಿತು.

“ಸಣ್ಣ ಕಣ್ಣು. ಸೂಜಿ ತುದಿ ಇದ್ದ ಹಾಗೆ,” ಎಂದ ಟೈಲರ್.

“ಎಲ್ಲಿಯ ಸಣ್ಣ? ಇಷ್ಟಗಲ,” ಎಂದ ಅಂಗಡಿಯವನು, ಬಟ್ಟು ಹಿಡಿದ ಹಾಗೆ ಬೆರಳು ದುಂಡಗೆ ಮಾಡಿ. “ಅಂಗಡಿ ಬಾಗಿಲಿಗೆ ಬಂದ್ರೆ ಒಳಗಿನ ಗೋದಾಮೂ ಕಾಣ್ಬೇಕು, ಅಂಥ ಕಣ್ಣು.”

“ಮೇಲುಗಣ್ಣು,” ಎಂದಳು ನರ್ಸಕ್ಕ. “ಬಿಳೀದು ಜಾಸ್ತಿ.”

ಪ್ರತಿಯೊಬ್ಬರೂ ತಮ್ಮ ತಲೆಯಲ್ಲಿ ಕೂತಿದ್ದ ಕಣ್ಣನ್ನು ಹೇಳುತ್ತಿದ್ದರು. ಯಾರೂ ಇನ್ಸ್‌ಪೆಕ್ಟರ ಕಣ್ಣನ್ನು ನೋಡಿರಲೇ ಇಲ್ಲ. ಗಂಟೆ ನಾಲ್ಕು ಹೊಡೆಯಿತು. ಬೋರ್ಡಣ್ಣನಿಗೆ ಹುಟ್ಟಿದಾಗಿನಿಂದ ಬರದ ಸಿಟ್ಟು ಬಂತು. “ಎಲ್ಲರೂ ಹೊರಗೆ ನಡೀರಿ,” ಎಂದ. ಮೂವರನ್ನೂ ದೂಡಿ ಚಿಲಕ ಹಾಕಿಕೊಂಡ.

ಒಳಗೆ ಉಳಿದದ್ದು ಕಣ್ಣಿಲ್ಲದ ಇನ್ಸ್‌ಪೆಕ್ಟರು, ಕಿಟಕಿಯ ಬೆಳಕು, ಮತ್ತು ಗಡ್ಡ ಹೆರೆಯುವ ಕನ್ನಡಿ. ಅವನ ಕೈಗೆಟುಕುವಂತಿದ್ದ ಕಣ್ಣು ಎಂದರೆ ಅವನದೇ ಎರಡು. ಕನ್ನಡಿಯನ್ನು ಶೀಸೆಗೆ ಒರಗಿಸಿ, ಅದರಲ್ಲಿ ನೋಡಿಕೊಂಡು ಬರೆಯತೊಡಗಿದ. ಒಂದು ಕೂದಲಿನ ಕುಂಚದಿಂದ ರೆಪ್ಪೆ, ಎರಡು ಕೂದಲಿನ ಕುಂಚದಿಂದ ಪಾಪೆ. ಬರೆಯುವಾಗ ಮನಸ್ಸಿನಲ್ಲಿ ಇದ್ದದ್ದು ಒಂದೇ: ಈ ರೂಮು ನನಗಿರಲಿ, ಈ ಬೆಳಕು ನನಗಿರಲಿ. ಅತ್ತುಬಿಡುವ ಹಾಗಾಗಿದ್ದ. ಕಣ್ಣು ತುಂಬಿದಾಗ ಕನ್ನಡಿಯಲ್ಲೂ ತುಂಬಿತು, ಕನ್ನಡಿಯಲ್ಲಿ ಕಂಡದ್ದನ್ನು ಕೈ ಹಾಗೇ ಬರೆಯಿತು. ಕೊನೆಗೆ ಎರಡು ಹನಿ ಗ್ಲಾಸಿ ಇಟ್ಟ. ಜೀವನದಲ್ಲಿ ಮೊದಲ ಸಲ, ಯಾರನ್ನೂ ಕೇಳದೆ ಕುಂಚ ಕೆಳಗಿಟ್ಟ.

ಕನ್ನಡಿ ಎತ್ತಿಡುವಾಗ ಅದರಲ್ಲಿ ಒಮ್ಮೆ ನೋಡಿಕೊಂಡ. ತನ್ನ ಕಣ್ಣು ಮಾಸಿದ ಹಾಗೆ, ಒಣಗಿದ ಹಾಗೆ ಕಂಡಿತು. ಉಜ್ಜಿಕೊಂಡ. ಹೊಳಪು ಬರಲಿಲ್ಲ. ಟರ್ಪೆಂಟೈನ್ ಘಾಟು ಹತ್ತಿರಬೇಕು ಎಂದು ಸಮಾಧಾನ ಮಾಡಿಕೊಂಡ.

ಐದಕ್ಕೆ ಸರಿಯಾಗಿ ಯಜಮಾನಮ್ಮ ಬಂದರು. ಹಿಂದೆ ಅಂಗಡಿಯವನು, ಟೈಲರ್, ನರ್ಸಕ್ಕ, ಮದುವೆಮನೆಗೆ ಬಂದವರ ಹಾಗೆ ಸಾಲಾಗಿ ನಿಂತರು. ಯಜಮಾನಮ್ಮ ಕನ್ನಡಕ ಹಾಕಿಕೊಂಡು ತಗಡನ್ನು ಬೆಳಕಿಗೆ ಹಿಡಿದರು. ಒಂದು ನಿಮಿಷವಾಯಿತು. ಇನ್ನೊಂದು ನಿಮಿಷವಾಯಿತು. ಟೈಲರ್ ಜೇಬಿನಲ್ಲಿದ್ದ ಟೇಪನ್ನು ಮುಟ್ಟಿ ನೋಡಿಕೊಂಡ, ಆದರೆ ಅವನ ದೃಷ್ಟಿ ಮತ್ತೆ ಕಿಟಕಿಯ ಕಡೆ ಹೊರಟಿತ್ತು. ಬೋರ್ಡಣ್ಣ ಮೂರು ಶೀಸೆಗಳ ಮುಚ್ಚಳವನ್ನು ಒಂದೊಂದಾಗಿ ಬಿಗಿ ಮಾಡಿದ.

“ಇವರೇ,” ಎಂದರು ಯಜಮಾನಮ್ಮ. “ಅವರೇ ಕಣಪ್ಪ. ಫೋಟೋದಲ್ಲಿ ಸಹ ಇಷ್ಟು ಅವರ ಥರ ಇರ್ಲಿಲ್ಲ.”

ಬೋರ್ಡಣ್ಣನಿಗೆ ಹೋದ ಜೀವ ಬಂದಂತಾಯಿತು. ಟೈಲರನ ಮುಖ ಇಳಿಯಿತು.

“ಮೂವತ್ತೊಂದು ವರ್ಷ ಸಂಸಾರ ಮಾಡ್ದೆ,” ಯಜಮಾನಮ್ಮ ಚಿತ್ರದಿಂದ ಕಣ್ಣು ಕೀಳದೆ ಹೇಳಿದರು. “ಒಂದು ದಿನ ನನ್ನ ಮುಖ ನೆಟ್ಟಗೆ ನೋಡಿದವರಲ್ಲ. ತಕ್ಕಡಿ ಮುಳ್ಳು ನೋಡೋದು, ಊಟದ ತಟ್ಟೆ ನೋಡೋದು, ಮಲಗೋದು. ಈಗ ನೋಡ್ತಿದ್ದಾರೆ. ನೋಡಿ ನರ್ಸಕ್ಕ, ಕಣ್ಣಲ್ಲಿ ನೀರಿದೆ.”

ನರ್ಸಕ್ಕ ಬಗ್ಗಿ ನೋಡಿ ಒಂದು ಹೆಜ್ಜೆ ಹಿಂದೆ ಇಟ್ಟಳು. ಯಾವುದಕ್ಕೂ ಹೆದರದವಳು ಬೋರ್ಡಣ್ಣನ ಮುಖ ನೋಡಿದಳು, ಮತ್ತೆ ಚಿತ್ರ ನೋಡಿದಳು.

“ಏನೋ ಬೇಡ್ಕೋತಿದ್ದಾರೆ,” ಎಂದರು ಯಜಮಾನಮ್ಮ. “ಬಾಯಿಬಿಟ್ಟು ಕೇಳಿದವರಲ್ಲ ಅವರು. ಈಗಲೂ ಕಣ್ಣಲ್ಲೇ ಕೇಳ್ತಿದ್ದಾರೆ. ಏನು ಬೇಕು ನಿಮಗೆ?” ತಗಡನ್ನು ಹಿಡಿದುಕೊಂಡು ರೂಮಿನಲ್ಲಿ ಒಂದು ಸುತ್ತು ಬಂದರು. ಬಾಗಿಲ ಹತ್ತಿರ ಹಿಡಿದರು, ಗೂಡಿನ ಹತ್ತಿರ ಹಿಡಿದರು, ಕೊನೆಗೆ ಉತ್ತರದ ಕಿಟಕಿಯ ಹತ್ತಿರ ಹಿಡಿದರು. ಅಲ್ಲಿ ಬೆಳಕು ಬಿದ್ದು ಎರಡು ಹನಿ ವಾರ್ನಿಶ್ ಥಳಥಳಿಸಿತು. “ಅಯ್ಯೋ, ನನ್ನ ಬುದ್ಧಿಗಿಷ್ಟು. ಅವರಿಗೆ ಈ ರೂಮು ಬೇಕು.”

ಬೋರ್ಡಣ್ಣ ಬಾಯಿ ತೆರೆದ. “ಅಮ್ಮಾ, ಅದು ಅವರದ್ದಲ್ಲ, ಅದು...” ಅಷ್ಟರಲ್ಲಿ ಟೈಲರ್ ಕಿವಿ ನಿಮಿರಿಸಿ ಒಂದು ಹೆಜ್ಜೆ ಮುಂದೆ ಬಂದ. ಕಣ್ಣು ಅವರದ್ದಲ್ಲ ಎಂದರೆ ಚಿತ್ರ ಅವರ ಥರ ಇಲ್ಲ ಎಂದಾಗುತ್ತದೆ, ರೂಮು ಟೈಲರನ ಪಾಲಾಗುತ್ತದೆ. ಅವರದ್ದೇ ಎಂದರೆ ರೂಮು ತೀರಿಹೋದ ಇನ್ಸ್‌ಪೆಕ್ಟರ ಪಾಲಾಗುತ್ತದೆ. ನುಂಗಿದರೆ ಬಿಸಿ, ಉಗುಳಿದರೆ ತುಪ್ಪ. ಬೋರ್ಡಣ್ಣ ತೆರೆದ ಬಾಯಿ ಮುಚ್ಚಿದ.

“ನೀನು ಬೇಜಾರು ಮಾಡ್ಕೋಬೇಡಪ್ಪ. ಇಂಥ ಕೈ ಇರೋನಿಗೆ ಎಲ್ಲಿ ಬೇಕಾದ್ರೂ ರೂಮು ಸಿಗುತ್ತೆ. ಇದ್ದಿದ್ದು ಒಂದು ಟ್ರಂಕು, ಒಂದು ಸ್ಟೂಲು. ದೀಪ ಹಚ್ಚೋದ್ರೊಳಗೆ ಖಾಲಿ ಮಾಡಿಬಿಡು. ಅವರು ಕಾಯೋರಲ್ಲ.” ಯಜಮಾನಮ್ಮ ಶೀಸೆಗಳನ್ನು ಸರಿಸಿ, ಸೆರಗಿನಿಂದ ದಂಡೆ ಒರೆಸಿ, ಚಿತ್ರವನ್ನು ಬೀದಿಯ ಕಡೆ ಮುಖ ಮಾಡಿ ಅಲ್ಲಿಟ್ಟರು.

ಟ್ರಂಕನ್ನು ಕೆಳಗಿಳಿಸಲು ಟೈಲರನೇ ಕೈಜೋಡಿಸಿದ. ರೂಮು ಅವನಿಗೂ ಸಿಗದ ಕಾರಣ ಅವನ ದುಃಖ ನಿಜವಾದದ್ದೇ ಆಗಿತ್ತು. “ನಿನ್ನ ಕಣ್ಣಿಗೆ ಏನಾಯ್ತು? ಪೊರೆ ಬಂದ ಹಾಗಿದೆ,” ಎಂದು ಕೇಳಿ, ಉತ್ತರಕ್ಕೆ ಕಾಯದೆ, ಕಿಟಕಿಯ ಕಡೆ ತಲೆಯೆತ್ತದೆ ಒಳಗೆ ಹೋದ.

ಬೋರ್ಡಣ್ಣನಿಗೆ ಉಳಿದಿದ್ದ ಒಂದೇ ಆಸರೆ ತಂಗಿಯ ಮನೆ, ಎರಡು ಬೀದಿ ಆಚೆ. ಅಲ್ಲಿಯ ಪಡಸಾಲೆಗೆ ಒಂದು ಕಿಟಕಿಯೂ ಇಲ್ಲ. ಬೋರ್ಡಣ್ಣ ಒಂದು ಕೈಯಲ್ಲಿ ಸ್ಟೂಲು, ಇನ್ನೊಂದರಲ್ಲಿ ಟ್ರಂಕು ಹಿಡಿದು ಇಪ್ಪತ್ತು ಹೆಜ್ಜೆ ನಡೆದ. ಅಷ್ಟಕ್ಕೇ ಮಂಡಿ ತಕರಾರು ತೆಗೆಯಿತು. ಟ್ರಂಕನ್ನು ಬೀದಿಯ ನಡುವೆ ಇಳಿಸಿ, ಕೈ ಬದಲಿಸಲು ಬಗ್ಗಿದ.

ಬಗ್ಗಿದವನಿಗೆ ಟ್ರಂಕು ಕಾಣಲಿಲ್ಲ. ಕಂಡದ್ದು ಇಡೀ ಬೀದಿ, ಚಿತ್ರವಿಟ್ಟ ಕಿಟಕಿಯ ದಂಡೆಯಿಂದ ನೋಡಿದ ಹಾಗೆ, ಮೂರು ಮಹಡಿಯಷ್ಟು ಕೆಳಗೆ, ಒಂದೇ ಹದದ ಒಳ್ಳೆಯ ಬೆಳಕಿನಲ್ಲಿ. ಬೀದಿಯ ನಡುವೆ ಹೆಬ್ಬೆರಳಿನಷ್ಟಿದ್ದ ಒಬ್ಬ ಮನುಷ್ಯ ಹೆಬ್ಬೆರಳುಗುರಿನಷ್ಟಿದ್ದ ಟ್ರಂಕಿನ ಮೇಲೆ ಬಗ್ಗಿ ನಿಂತಿದ್ದ. ಕೆಲಸವೇನೋ ನಾಜೂಕಾಗಿತ್ತು. ಆ ಮನುಷ್ಯನ ಬೋಳುನೆತ್ತಿ ಮಾತ್ರ ಸಂಜೆ ಬಿಸಿಲಿಗೆ ವಿಪರೀತ ಹೊಳೆಯುತ್ತಿತ್ತು. ಅಲ್ಲಿಗೆ ಮ್ಯಾಟ್ ಹಾಕಬೇಕಿತ್ತು ಎಂದು ಬೋರ್ಡಣ್ಣನಿಗೆ ಅನ್ನಿಸಿತು.